ಹಳೆ ಕಂಪ್ಯೂಟರ್‌ಗಳ ಜಾಲ: ರೂಟರಿನ ಮಿತಿ, ದಾರಿಯ ಲೆಕ್ಕ

ಕೊಕ್ಕರೆ ಬೆಳ್ಳೂರು, ಮದ್ದೂರು ತಾಲ್ಲೂಕು

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಳೆ ಕಂಪ್ಯೂಟರ್ ಹವ್ಯಾಸಿಗಳಿಗೆ, ಕಾಲೇಜು ಲ್ಯಾಬುಗಳ ಅಧ್ಯಾಪಕರಿಗೆ, ಮುದ್ರಣಾಲಯಗಳವರಿಗೆ ಬಹಿರಂಗ ಪತ್ರ



ಹಳೆ ಕಂಪ್ಯೂಟರ್‌ಗಳನ್ನು ಕೂಡಿಸಿ ಕಟ್ಟುವ ಜಾಲಕ್ಕೆ ಮಿತಿ ಬರುವುದು ಮೂರು ಕಡೆಯಿಂದ: ತಂತಿಯನ್ನು ಎಷ್ಟು ದೂರ ಎಳೆಯಬಹುದು, ವಿಳಾಸಕ್ಕೆ ಎಷ್ಟು ಬಿಟ್ ಜಾಗವಿದೆ, ರೂಟರ್‌ಗಳು ತಮಗೆ ಗೊತ್ತಿರುವ ದಾರಿಗಳನ್ನು ಅಕ್ಕಪಕ್ಕದ ರೂಟರ್‌ಗಳಿಗೆ ಹೇಗೆ ತಿಳಿಸುತ್ತವೆ. ಈ ಮೂರೂ ಬಹುಮಟ್ಟಿಗೆ 1980ರ ದಶಕದಲ್ಲೇ ಗೊತ್ತಾಗಿ, ಕಾರ್ಡುಗಳ ಚಿಪ್ಪಿನಲ್ಲೂ ಸಾಫ್ಟ್‌ವೇರಿನಲ್ಲೂ ಕೂತುಬಿಟ್ಟಿವೆ. ಇವತ್ತು ಎಷ್ಟು ದುಡ್ಡು ಸುರಿದರೂ, ಎಂಥ ವೇಗದ ಯಂತ್ರ ತಂದಿಟ್ಟರೂ ಅವು ಕದಲುವುದಿಲ್ಲ. ಮಿತಿಗಳನ್ನು ಮೊದಲೇ ಲೆಕ್ಕಕ್ಕೆ ಹಿಡಿದು, ಯಾವ ಊರಿಗೆ ಯಾವ ಸಂಖ್ಯೆ ಎಂದು ಬರೆದಿಟ್ಟುಕೊಂಡು ಶುರುಮಾಡಿದರೆ ಇದೇ ಜಾಲ ಒಂದು ಮನೆಯಿಂದ ಹೊರದೇಶದವರೆಗೆ ನಿರಾತಂಕವಾಗಿ ನಡೆಯುತ್ತದೆ. ಹಾಗೆ ಬರೆದಿಡದೆ ತಂತಿ ಎಳೆದವರ ಜಾಲ ನಾಲ್ಕನೆಯ ರೂಟರ್ ಸೇರುವಷ್ಟರಲ್ಲಿ ಗೋಜಲಾಗಿರುತ್ತದೆ.

ಕರ್ನಾಟಕದಲ್ಲಿ ಹಳೆ ಜಾಲ ಎಂದರೆ ಯಾವುದು ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. 1990ರ ದಶಕದ ಕಾಲೇಜು ಲ್ಯಾಬು, ಖಾಸಗಿ ಕಚೇರಿ, ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ಹೆಚ್ಚಾಗಿ ಇದ್ದದ್ದು ನಾವೆಲ್ ಕಂಪನಿಯ ನೆಟ್‌ವೇರ್: ಮೂಲೆಯಲ್ಲಿ ಒಂದು 386 ಸರ್ವರ್, ಕಪ್ಪು ಕೋಆಕ್ಸಿಯಲ್ ತಂತಿ, ಅದಕ್ಕೆ ಸಿಕ್ಕಿಸಿದ ಹಾರ್ಡ್‌ಡಿಸ್ಕ್ ಇಲ್ಲದ ಕಂಪ್ಯೂಟರ್‌ಗಳು. ಬ್ಯಾಂಕುಗಳಲ್ಲಿ ಯುನಿಕ್ಸ್ ಯಂತ್ರಕ್ಕೆ ಸೀರಿಯಲ್ ತಂತಿಯಲ್ಲಿ ಜೋತುಬಿದ್ದ ಟರ್ಮಿನಲ್‌ಗಳಿದ್ದವು. ಡಿಟಿಪಿ ಮಾಡುವ ಮುದ್ರಣಾಲಯಗಳಲ್ಲಿ ಕೆಲವರು ಮ್ಯಾಕಿಂಟಾಷ್ ಇಟ್ಟುಕೊಂಡಿದ್ದರು; ಅವು ಲೇಸರ್ ಪ್ರಿಂಟರಿಗೆ ಕೂಡುತ್ತಿದ್ದದ್ದು ಆಪಲ್‌ಟಾಕ್ ಮೂಲಕ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಡೆಕ್ ಕಂಪನಿಯ ದೊಡ್ಡ ಯಂತ್ರಗಳಿದ್ದವು. ಸರ್ಕಾರದ ಕಡೆ ನಿಕ್‌ನೆಟ್ 1980ರ ದಶಕದ ಕೊನೆಗೆ ಸಣ್ಣ ಉಪಗ್ರಹ ಡಿಶ್‌ಗಳ ಮೂಲಕ ಜಿಲ್ಲಾ ಕೇಂದ್ರಗಳನ್ನು ದೆಹಲಿಯ ಮುಖ್ಯ ಕೇಂದ್ರಕ್ಕೆ ಜೋಡಿಸತೊಡಗಿತ್ತು. ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆ ಮೊದಲು ಕಾಲಿಟ್ಟ ತಾಲ್ಲೂಕುಗಳಲ್ಲಿ ಮದ್ದೂರೂ ಒಂದು. ಆಗ ಆಯಾ ತಾಲ್ಲೂಕಿನ ದಾಖಲೆ ಆಯಾ ತಾಲ್ಲೂಕು ಕಚೇರಿಯ ಯಂತ್ರದಲ್ಲೇ ಇರುತ್ತಿತ್ತು, ರಾಜ್ಯಮಟ್ಟದ ಜಾಲ ಅದಕ್ಕೆ ಸೇರಿದ್ದು ಆಮೇಲೆ. ಈ ಪೀಳಿಗೆಯ ಯಂತ್ರಗಳಲ್ಲಿ ಬಹುಪಾಲು ಗುಜರಿಗೆ ಹೋಗಿವೆ. ಉಳಿದವು ಕಾಲೇಜುಗಳ ಉಗ್ರಾಣದಲ್ಲಿ, ಮುದ್ರಣಾಲಯಗಳ ಅಟ್ಟದ ಮೇಲೆ ಕೂತಿವೆ.

ಇವುಗಳನ್ನು ಜಾಲಕ್ಕೆ ಏರಿಸುವುದರಲ್ಲಿ ಹವ್ಯಾಸದ ಖುಷಿಯ ಜೊತೆಗೆ ಒಂದು ತುರ್ತು ಕೆಲಸವೂ ಇದೆ. ಯೂನಿಕೋಡ್ ಬರುವ ಮುಂಚೆ ಕನ್ನಡ ಬರಹ ಹತ್ತಾರು ಬಗೆಯ ಸಂಕೇತಗಳಲ್ಲಿ ಕೂತಿತ್ತು. ಡಾಸ್ ಮೇಲೆ ‘ಶಬ್ದರತ್ನ’, ಕೆ.ಪಿ. ರಾವ್ ಅವರ ‘ಸೇಡಿಯಾಪು’, ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡು. ಮ್ಯಾಕಿಂಟಾಷ್ ಮೇಲೆ ‘ಪ್ರಕಾಶಕ್’. ಇವುಗಳಲ್ಲಿ ಜೋಡಿಸಿದ ಪುಸ್ತಕ, ಸಣ್ಣಪತ್ರಿಕೆ, ಸ್ಮರಣ ಸಂಚಿಕೆಗಳ ಮೂಲ ಕಡತಗಳು ಇನ್ನೂ ಹಳೆ ಹಾರ್ಡ್‌ಡಿಸ್ಕ್‌ಗಳಲ್ಲಿವೆ. ಫ್ಲಾಪಿಗಳಿಗೆ ಬೂಸ್ಟು ಹಿಡಿದಿದೆ, ಆ ಯಂತ್ರಗಳಲ್ಲಿ ಯುಎಸ್‌ಬಿ ಇಲ್ಲ, ಡಿಸ್ಕನ್ನು ಬಿಚ್ಚಿ ಹೊಸ ಕಂಪ್ಯೂಟರಿಗೆ ಹಾಕಿದರೆ ಅದು ಗುರುತು ಹಿಡಿಯುತ್ತದೆ ಎಂಬ ಖಾತ್ರಿಯೂ ಇಲ್ಲ. ಕೆಲಸ ಮಾಡುವ ಒಂದು ನೆಟ್‌ವರ್ಕ್ ಕಾರ್ಡೇ ಬಹಳ ಸಲ ಆ ಬರಹ ಹೊರಬರಲು ಉಳಿದಿರುವ ಬಾಗಿಲು. ಯಂತ್ರವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುವುದಕ್ಕಿಂತ ಅದರ ಜಾಲವನ್ನು ನಡೆಸುವಂತೆ ಇಟ್ಟುಕೊಳ್ಳುವುದು ಹೆಚ್ಚಿನ ಕೆಲಸ ಎನ್ನುವುದಕ್ಕೆ ಇದೇ ಕಾರಣ.

ತಂತಿಯಿಂದ ಆರಂಭಿಸುವುದು ಒಳ್ಳೆಯದು. ನೆಟ್‌ವೇರ್ ಕಾಲದ ಕಪ್ಪು ತಂತಿಯ ಹೆಸರು ಆರ್‌ಜಿ-58. ಅದರ ತಡೆ 50 ಓಮ್. ಕೇಬಲ್ ಟಿವಿಯವರ ತಂತಿ ನೋಡಲು ಅದೇ ತರಹ ಇದ್ದರೂ ಅದು 75 ಓಮ್‌ನದು. ಅದನ್ನು ಹಾಕಿದರೆ ಹತ್ತಿರದ ಎರಡು ಯಂತ್ರಗಳು ಮಾತಾಡಿದಂತೆ ಕಂಡು, ಮೂರನೆಯದು ಸೇರಿದೊಡನೆ ಎಲ್ಲವೂ ನಿಂತುಹೋಗಬಹುದು. ಆರ್‌ಜಿ-58ರ ಒಂದು ತುಂಡು 185 ಮೀಟರ್ ದಾಟಬಾರದು, ಅದರ ಮೇಲೆ 30ಕ್ಕಿಂತ ಹೆಚ್ಚು ಯಂತ್ರ ಕೂರಬಾರದು, ಎರಡು ಟಿ-ಕನೆಕ್ಟರ್‌ಗಳ ನಡುವೆ ಅರ್ಧ ಮೀಟರಾದರೂ ಅಂತರ ಬೇಕು. ರಿಪೀಟರ್ ಇಟ್ಟು ಉದ್ದ ಮಾಡಿದರೂ ಐದು ತುಂಡಿಗೆ ಕೊನೆ, ಆ ಐದರಲ್ಲಿ ಮೂರರ ಮೇಲೆ ಮಾತ್ರ ಯಂತ್ರಗಳನ್ನು ಕೂರಿಸಬಹುದು. ಈ ಕಟ್ಟಳೆಗೆ ಕಾರಣವಿದೆ. ಇಬ್ಬರು ಒಟ್ಟಿಗೆ ಮಾತಾಡಿ ಡಿಕ್ಕಿಯಾದರೆ, ಕಳಿಸುತ್ತಿರುವ ಯಂತ್ರ ತನ್ನ 64 ಬೈಟಿನ ಅತಿ ಚಿಕ್ಕ ಸಂದೇಶ ಮುಗಿಸುವ ಮೊದಲೇ ಡಿಕ್ಕಿಯ ಸುದ್ದಿ ಅದಕ್ಕೆ ತಿಳಿಯಬೇಕು. ಅದಕ್ಕಿರುವ ಕಾಲ 51.2 ಮೈಕ್ರೋಸೆಕೆಂಡು. ಜಾಲ ಅದಕ್ಕಿಂತ ದೂರ ಹಬ್ಬಿದರೆ ಡಿಕ್ಕಿಯ ಸುದ್ದಿ ತಡವಾಗಿ ಬರುತ್ತದೆ, ಸಂದೇಶ ಕೆಟ್ಟಿದ್ದು ಕಳಿಸಿದವರಿಗೆ ಗೊತ್ತೇ ಆಗುವುದಿಲ್ಲ.

ತಂತಿ ಸರಿಯಿದೆಯೇ ಎಂದು ನೋಡಲು ದುಬಾರಿ ಉಪಕರಣ ಬೇಡ, ಅಂಗಡಿಯಲ್ಲಿ ಸಿಗುವ ಮಲ್ಟಿಮೀಟರ್ ಸಾಕು. ಎಲ್ಲ ಯಂತ್ರಗಳನ್ನೂ ಆರಿಸಿ, ಯಾವುದಾದರೊಂದು ಟಿ-ಕನೆಕ್ಟರನ್ನು ಕಾರ್ಡಿನಿಂದ ಬಿಚ್ಚಿ, ಅದರ ನಡುವಿನ ಸೂಜಿಗೂ ಹೊರಗಿನ ಲೋಹಕ್ಕೂ ಮೀಟರ್ ಹಿಡಿಯಬೇಕು. 25 ಓಮ್‌ನ ಆಸುಪಾಸು ತೋರಿಸಿದರೆ ಎರಡೂ ತುದಿಯ ಟರ್ಮಿನೇಟರ್‌ಗಳು ಇವೆ, ತಂತಿ ಎಲ್ಲೂ ಕಡಿದಿಲ್ಲ ಎಂದರ್ಥ. 50 ತೋರಿಸಿದರೆ ಒಂದು ಕಡೆಯ ಟರ್ಮಿನೇಟರ್ ಇಲ್ಲ ಅಥವಾ ನಡುವೆ ಎಲ್ಲೋ ಬಿಟ್ಟುಕೊಂಡಿದೆ. ಸೊನ್ನೆಯ ಹತ್ತಿರ ಬಂದರೆ ಯಾವುದೋ ಕನೆಕ್ಟರಿನಲ್ಲಿ ಹೊರಕವಚದ ಹೆಣಿಗೆಯ ಒಂದು ಎಳೆ ಸೂಜಿಗೆ ತಾಗಿದೆ. ಅದನ್ನು ಬಿಚ್ಚಿ ಮತ್ತೆ ಕಟ್ಟಬೇಕು. ಹಳೆ ಜಾಲ ಏಳಲಿಲ್ಲ ಎಂದು ಸಾಫ್ಟ್‌ವೇರಿನಲ್ಲಿ ದಿನಗಟ್ಟಲೆ ಹುಡುಕುವ ಮುನ್ನ ಮಾಡಬೇಕಾದ ಪರೀಕ್ಷೆ ಇದು.

ತಂತಿ ಸರಿಯಾದ ಮೇಲೂ ಯಂತ್ರಗಳು ಒಂದನ್ನೊಂದು ನೋಡದಿದ್ದರೆ ಕಾರಣ ಬಹುಪಾಲು ಫ್ರೇಮ್ ಬಗೆ. ನೆಟ್‌ವೇರಿನ ಐಪಿಎಕ್ಸ್ ಒಂದೇ ತಂತಿಯ ಮೇಲೆ ನಾಲ್ಕು ಬಗೆಯ ಹೊದಿಕೆಯಲ್ಲಿ ಓಡಾಡಬಲ್ಲದು. ನೆಟ್‌ವೇರ್ 3.11 ತಾನಾಗಿ 802.3 ಎಂಬ ಬಗೆಯನ್ನು ಹಿಡಿಯುತ್ತದೆ, 3.12 ಮತ್ತು ಅದರ ನಂತರದವು 802.2 ಬಗೆಯನ್ನು. ಒಂದು ಬಗೆಯ ಯಂತ್ರಕ್ಕೆ ಇನ್ನೊಂದು ಬಗೆಯದು ಕಾಣುವುದೇ ಇಲ್ಲ. ಸಿಸ್ಕೊ ರೂಟರ್ ಇಟ್ಟವರಿಗೆ ಇನ್ನೊಂದು ತೊಡಕು: ಅದು ಇವೇ ಬಗೆಗಳನ್ನು ಬೇರೆ ಹೆಸರಿನಲ್ಲಿ ಕರೆಯುತ್ತದೆ. ನೆಟ್‌ವೇರಿನ 802.3 ಅಲ್ಲಿ ‘ನಾವೆಲ್-ಈಥರ್’, 802.2 ಅಲ್ಲಿ ‘ಸ್ಯಾಪ್’. ಒಂದು ಜಾಲಕ್ಕೆ ಒಂದೇ ಬಗೆ ಎಂದು ಮೊದಲ ದಿನವೇ ತೀರ್ಮಾನಿಸುವುದು ಲೇಸು. ಎರಡನ್ನೂ ಇಟ್ಟುಕೊಂಡರೆ ಒಂದೇ ತಂತಿಗೆ ಎರಡು ಜಾಲಸಂಖ್ಯೆ ಕೊಡಬೇಕಾಗುತ್ತದೆ, ರೂಟರಿಗೆ ಕೆಲಸವೂ ಇಮ್ಮಡಿಯಾಗುತ್ತದೆ.

ಈ ಜಾಲಸಂಖ್ಯೆಯೇ ರೂಟರಿನ ಬುನಾದಿ. ಐಪಿಎಕ್ಸ್‌ನಲ್ಲಿ ಪ್ರತಿ ತಂತಿಗೂ 32 ಬಿಟ್‌ನ ಒಂದು ಸಂಖ್ಯೆ ಇರುತ್ತದೆ, ಯಂತ್ರದ ವಿಳಾಸ ಮಾತ್ರ ಅದರ ಕಾರ್ಡಿನಲ್ಲೇ ಹುಟ್ಟಿಬಂದಿರುತ್ತದೆ. ನೆಟ್‌ವೇರ್ 3ರ ಸರ್ವರಿಗೆ ಇದರ ಮೇಲೆ ತನ್ನೊಳಗಿನ ಒಂದು ಸಂಖ್ಯೆಯೂ ಬೇಕು. ಸಂಖ್ಯೆಗಳಿಗೆ ಬರವಿಲ್ಲ, 32 ಬಿಟ್‌ನಲ್ಲಿ ನಾನೂರು ಕೋಟಿಗೂ ಮೇಲ್ಪಟ್ಟು ಸಂಖ್ಯೆಗಳಿವೆ. ಆದರೂ ಇಬ್ಬರು ಹವ್ಯಾಸಿಗಳು ತಮ್ಮ ತಮ್ಮ ಮನೆಯಲ್ಲಿ ‘1’ ಎಂದು ಕೊಟ್ಟುಕೊಂಡಿದ್ದರೆ, ಮುಂದೊಂದು ದಿನ ಜಾಲ ಕೂಡಿಸಿದಾಗ ಎರಡೂ ಕಡೆ ಗಂಟೆ ಬಾರಿಸಲು ಶುರುವಾಗಬಹುದು: ಸರ್ವರ್‌ಗಳು ಪರದೆಯ ಮೇಲೆ ದೂರು ಬರೆಯುತ್ತಾ ಪೀ ಪೀ ಎನ್ನುತ್ತವೆ. ಒಂದೇ ಪರವಾನಗಿಯ ಪ್ರತಿಯನ್ನು ಎರಡು ಸರ್ವರ್‌ಗಳಲ್ಲಿ ಹಾಕಿದ್ದರೂ ಹೀಗೇ. ನೆಟ್‌ವೇರ್ ತನ್ನ ಸೀರಿಯಲ್ ಸಂಖ್ಯೆಯನ್ನು ಜಾಲದಲ್ಲಿ ಸಾರುತ್ತದೆ, ಅದೇ ಸಂಖ್ಯೆಯ ಮತ್ತೊಂದು ಸರ್ವರ್ ಕಂಡರೆ ಎಲ್ಲರಿಗೂ ಎಚ್ಚರಿಕೆ ಕಳಿಸುತ್ತದೆ. ಹಲವು ಊರುಗಳ ಸರ್ವರ್‌ಗಳನ್ನು ಸೇರಿಸುವ ಮುನ್ನ ಪ್ರತಿಯೊಂದಕ್ಕೂ ಬೇರೆ ಪರವಾನಗಿ ಇದೆಯೇ ಎಂದು ನೋಡಿಕೊಳ್ಳಬೇಕು.

ಇನ್ನು ಹಾಪ್. ಒಂದು ಪ್ಯಾಕೆಟ್ ದಾಟಿದ ಪ್ರತಿ ರೂಟರಿಗೂ ಒಂದು ಹಾಪ್ ಎಂದು ಲೆಕ್ಕ. ಐಪಿಎಕ್ಸ್‌ನ ಹಳೆಯ ದಾರಿ ಹೇಳುವ ಕ್ರಮದಲ್ಲಿ 15 ಹಾಪ್‌ವರೆಗೆ ಹೋಗಬಹುದು, 16 ಎಂದರೆ ‘ದಾರಿ ಇಲ್ಲ’. ವಿಂಡೋಸ್‌ನ ಹಳೆ ಕಡತ ಹಂಚಿಕೆ ಐಪಿಎಕ್ಸ್ ಮೇಲೆ ಕಳಿಸುವ ನೆಟ್‌ಬಯಾಸ್ ಕೂಗು ಇನ್ನೂ ಮುಂಚೆ, ಎಂಟು ರೂಟರಿಗೇ ಸುಸ್ತಾಗುತ್ತದೆ. ಹದಿನೈದು ಯಾಕೆ ಎಂದು ತಿಳಿಯಲು ಒಂದು ಊಹೆಯ ಜಾಲ ಸಾಕು. ಮದ್ದೂರು, ಮಂಡ್ಯ, ಮಳವಳ್ಳಿಗಳಲ್ಲಿ ತಲಾ ಒಂದು ರೂಟರ್, ಮೂರೂ ಉಂಗುರದಂತೆ ಒಂದಕ್ಕೊಂದು ಕೂಡಿವೆ. ಕೊಕ್ಕರೆ ಬೆಳ್ಳೂರಿನ ಒಂದು ತಂತಿ ಮದ್ದೂರಿನ ರೂಟರಿಗೆ ಸೇರಿದೆ. ಬೆಳ್ಳೂರಿನಲ್ಲಿ ಕರೆಂಟ್ ಹೋಯಿತು. ಮದ್ದೂರು ಕೂಡಲೇ ‘ಬೆಳ್ಳೂರಿಗೆ ದಾರಿ ಇಲ್ಲ’ ಎಂದು ಇಬ್ಬರಿಗೂ ಹೇಳುತ್ತದೆ. ಮಂಡ್ಯಕ್ಕೆ ಹೊರಟ ಆ ಸುದ್ದಿ ದಾರಿಯಲ್ಲಿ ಕಳೆದುಹೋಯಿತೆನ್ನಿ. ಮಂಡ್ಯ ತನ್ನ ಹಳೆಯ ಲೆಕ್ಕದಂತೆ ‘ಬೆಳ್ಳೂರಿಗೆ ನನ್ನ ಮೂಲಕ ದಾರಿ ಇದೆ’ ಎಂದು ಮಳವಳ್ಳಿಗೆ ಹೇಳುತ್ತದೆ. ಮಳವಳ್ಳಿ ಅದನ್ನು ನಂಬಿ ಒಂದು ಕೂಡಿಸಿ ಮದ್ದೂರಿಗೆ ಹೇಳುತ್ತದೆ, ಮದ್ದೂರು ಇನ್ನೊಂದು ಕೂಡಿಸಿ ಮಂಡ್ಯಕ್ಕೆ. ಸತ್ತ ದಾರಿಯ ಸುದ್ದಿ ಉಂಗುರದಲ್ಲಿ ಸುತ್ತುತ್ತಾ ದೂರವನ್ನು ಒಂದೊಂದೇ ಹೆಚ್ಚಿಸಿಕೊಂಡು ಹೋಗುತ್ತದೆ. ಎಲ್ಲಾದರೂ ಇದಕ್ಕೆ ಕೊನೆ ಬೇಕು, ಆ ಕೊನೆಯೇ 16. ರೂಟರ್‌ಗಳು ನಿತ್ಯದ ಸುದ್ದಿ ಹೇಳಿಕೊಳ್ಳುವುದು 60 ಸೆಕೆಂಡಿಗೊಮ್ಮೆ. ಲೆಕ್ಕ 16 ಮುಟ್ಟುವವರೆಗೂ ಬೆಳ್ಳೂರಿಗೆ ಹೊರಟ ಪ್ಯಾಕೆಟ್‌ಗಳು ಮೂರೂರು ಸುತ್ತಿ ಬೀಳುತ್ತಿರುತ್ತವೆ. ಮಿತಿಯನ್ನು ನೂರಕ್ಕೆ ಏರಿಸಿದ್ದರೆ ಈ ಗೊಂದಲ ಅದಕ್ಕೆ ತಕ್ಕಂತೆ ಇನ್ನೂ ಹೆಚ್ಚು ಹೊತ್ತು ನಡೆಯುತ್ತಿತ್ತು. ಹೀಗಾಗಿ ಹವ್ಯಾಸಿಗಳ ಜಾಲಕ್ಕೆ ಉಂಗುರಕ್ಕಿಂತ ಕೊಂಬೆ ಒಡೆಯುವ ಮರದ ಆಕಾರವೇ ಸರಿ. ಒಂದು ಕೊಂಡಿ ಕಡಿದರೆ ಆ ಕಡೆಯವರಿಗೆ ಮಾತ್ರ ಸಂಪರ್ಕ ತಪ್ಪುತ್ತದೆ, ಉಳಿದವರು ತಮ್ಮ ಪಾಡಿಗೆ ತಾವು ಇರುತ್ತಾರೆ.

ಹಾಪ್‌ಗಿಂತ ಮೊದಲೇ ಕೈಕಟ್ಟುವ ಮಿತಿ ಇನ್ನೊಂದಿದೆ, ಅದನ್ನು ಗಮನಿಸುವವರು ಕಡಿಮೆ. ನೆಟ್‌ವೇರ್ ಸರ್ವರ್‌ಗಳು, ಪ್ರಿಂಟ್ ಸರ್ವರ್‌ಗಳು ‘ನಾನು ಇಲ್ಲಿದ್ದೇನೆ’ ಎಂದು ನಿಮಿಷಕ್ಕೊಮ್ಮೆ ಸಾರುತ್ತವೆ, ರೂಟರ್‌ಗಳು ಆ ಸಾರಿಕೆಯ ಪೂರ್ಣ ಪಟ್ಟಿಯನ್ನು ಮುಂದಕ್ಕೆ ಹೇಳುತ್ತವೆ. ಒಂದು ಸೇವೆಯ ವಿವರಕ್ಕೆ 64 ಬೈಟ್, ಒಂದು ಪ್ಯಾಕೆಟ್ಟಿಗೆ ಏಳು ಸೇವೆ. ಜಾಲದಲ್ಲಿ 140 ಸೇವೆಗಳಿದ್ದರೆ ನಿಮಿಷಕ್ಕೆ 20 ಪ್ಯಾಕೆಟ್, ಒಂದೊಂದು 480 ಬೈಟ್. 9600 ಬಿಟ್ ವೇಗದ ಮೋಡೆಮ್ ಕೊಂಡಿಯಲ್ಲಿ ಇದಷ್ಟೇ ನಿಮಿಷಕ್ಕೆ ಎಂಟು ಸೆಕೆಂಡು ತಿನ್ನುತ್ತದೆ. ಯಾರೂ ಏನೂ ಮಾಡದಿದ್ದರೂ ತಂತಿ ಅಷ್ಟು ಹೊತ್ತು ತುಂಬಿರುತ್ತದೆ. ದಾರಿಗಳ ಪಟ್ಟಿ ಇಷ್ಟು ಭಾರವಲ್ಲ. ಅಲ್ಲಿ ಒಂದು ಪ್ಯಾಕೆಟ್ಟಿಗೆ 50 ದಾರಿ ಹಿಡಿಸುತ್ತವೆ. ಆದ್ದರಿಂದ ನಿಧಾನ ಕೊಂಡಿಯ ಎರಡೂ ತುದಿಯ ರೂಟರ್‌ಗಳಲ್ಲಿ ಸೋಸುವ ಕಟ್ಟಳೆ ಬರೆಯಬೇಕು: ಮಳವಳ್ಳಿಯ ಪ್ರಿಂಟರ್ ಮೈಸೂರಿನವರಿಗೆ ಕಾಣಬೇಕಾದ ಅಗತ್ಯವಿಲ್ಲ, ಕಡತಗಳಿರುವ ಸರ್ವರ್ ಕಂಡರೆ ಸಾಕು.

ರೂಟರಾಗಿ ಯಾವ ಯಂತ್ರ ಇಡಬೇಕೆಂಬ ಪ್ರಶ್ನೆಗೆ ಹಿಂದೆ ಸುಲಭ ಉತ್ತರವಿತ್ತು. ಲಿನಕ್ಸ್ ಹಾಕಿದ ಯಾವ ಕಂಪ್ಯೂಟರಾದರೂ ಆಗುತ್ತಿತ್ತು. 2018ರಲ್ಲಿ ಲಿನಕ್ಸ್ ತಿರುಳಿನಿಂದ ಐಪಿಎಕ್ಸ್ ಹೊರಬಿತ್ತು, 2022ರಲ್ಲಿ ಡೆಕ್ ಯಂತ್ರಗಳ ಡೆಕ್‌ನೆಟ್ ಹೊರಬಿತ್ತು. ವಿಂಡೋಸ್ ವಿಸ್ಟಾದಲ್ಲೇ ಐಪಿಎಕ್ಸ್ ಇರಲಿಲ್ಲ, ಆಪಲ್ ತನ್ನ ಆಪಲ್‌ಟಾಕನ್ನು 2009ರಲ್ಲಿ ಕೈಬಿಟ್ಟಿತು. ಈಗ ಉಳಿದಿರುವ ಗಟ್ಟಿ ದಾರಿ ಎಂದರೆ ಎರಡು ಕಾರ್ಡು ಹಾಕಿದ ನೆಟ್‌ವೇರ್ ಸರ್ವರೇ ರೂಟರಾಗುವುದು, ಹಳೆ ತಿರುಳಿನ ಲಿನಕ್ಸ್ ಇಟ್ಟುಕೊಳ್ಳುವುದು, ಇಲ್ಲವೇ ಸಿಸ್ಕೊ 2500 ಸಾಲಿನ ಹಳೆ ರೂಟರ್. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಹಳೆ ಮಾಲಿನ ಬಜಾರಿನಲ್ಲಿ ಹುಡುಕಬೇಕಾದದ್ದು ಇದನ್ನೇ. ಸೂಕ್ತ ಸಾಫ್ಟ್‌ವೇರ್ ಇದ್ದರೆ ಒಂದೇ ಪೆಟ್ಟಿಗೆ ಐಪಿಎಕ್ಸ್, ಆಪಲ್‌ಟಾಕ್, ಡೆಕ್‌ನೆಟ್ ಮೂರನ್ನೂ ನಡೆಸುತ್ತದೆ. ಕೊಳ್ಳುವಾಗ ಮೆಮೊರಿ ಎಷ್ಟಿದೆ ಎಂದು ಕೇಳುವುದು ಮುಖ್ಯ. ಮೂರೂ ಇರುವ ಸಾಫ್ಟ್‌ವೇರ್ ಸಣ್ಣ ಮೆಮೊರಿಯಲ್ಲಿ ಹಿಡಿಯುವುದಿಲ್ಲ.

ಆಪಲ್‌ಟಾಕ್‌ನ ಮಿತಿಗಳು ಇನ್ನೂ ಬಿಗಿ. ಫೋನಿನ ತಂತಿಯಲ್ಲೂ ಓಡಬಲ್ಲ ಲೋಕಲ್‌ಟಾಕ್‌ನ ವೇಗ ಸೆಕೆಂಡಿಗೆ 230.4 ಕಿಲೋಬಿಟ್, ಆಪಲ್ ಹೇಳಿದ ಪ್ರಕಾರ ಒಂದು ತುಂಡಿಗೆ 32 ಯಂತ್ರ, 300 ಮೀಟರ್. ಯಂತ್ರದ ವಿಳಾಸ ಎಂಟು ಬಿಟ್ಟಿನದು, ಹಾಪ್ ಎಣಿಸಲು ಇರುವುದು ನಾಲ್ಕೇ ಬಿಟ್. ನಾಲ್ಕು ಬಿಟ್ಟಿನಲ್ಲಿ ಬರೆಯಬಹುದಾದ ದೊಡ್ಡ ಸಂಖ್ಯೆ 15, ಅಲ್ಲಿಗೆ ಮುಗಿಯಿತು. ರೂಟರ್‌ಗಳು ಇಲ್ಲಿ ಹತ್ತು ಸೆಕೆಂಡಿಗೊಮ್ಮೆ ತಮ್ಮ ಪಟ್ಟಿಯನ್ನು ಕೂಗುತ್ತವೆ. ಕಚೇರಿಯೊಳಗೆ ಇದರಿಂದ ತೊಂದರೆಯಿಲ್ಲ, ದೂರದ ಕೊಂಡಿಗೆ ಇದು ಹೊರೆ. ಆ ಕಾರಣಕ್ಕೇ 1993ರಲ್ಲಿ ಎಯುಆರ್‌ಪಿ ಎಂಬ ಕ್ರಮ ಬಂತು. ಆಪಲ್‌ಟಾಕ್ ಪ್ಯಾಕೆಟ್‌ಗಳನ್ನು ಇಂಟರ್ನೆಟ್‌ನ ಪ್ಯಾಕೆಟ್ಟಿನೊಳಗೆ ಮಡಿಸಿ 387ನೆಯ ಯುಡಿಪಿ ಪೋರ್ಟಿನಲ್ಲಿ ಸುರಂಗದೊಳಗಿನಿಂದ ಎಂಬಂತೆ ಕಳಿಸುವುದು, ಪಟ್ಟಿಯನ್ನು ಮತ್ತೆ ಮತ್ತೆ ಕೂಗದೆ ಬದಲಾದದ್ದನ್ನು ಮಾತ್ರ ತಿಳಿಸುವುದು ಅದರ ರೀತಿ.

2024ರಿಂದೀಚೆಗೆ ಹಳೆ ಮ್ಯಾಕಿಂಟಾಷ್ ಪ್ರಿಯರು ಇದನ್ನೇ ಬಳಸಿ ‘ಗ್ಲೋಬಲ್‌ಟಾಕ್’ ಎಂಬ ಜಾಲ ಕಟ್ಟಿದ್ದಾರೆ. ಬೇರೆ ಬೇರೆ ದೇಶಗಳ ಮನೆಗಳಲ್ಲಿರುವ ಮ್ಯಾಕಿಂಟಾಷ್‌ಗಳು ಒಂದೇ ಕಚೇರಿಯಲ್ಲಿದ್ದಂತೆ ಒಂದರ ಪರದೆಯ ಮೇಲೆ ಇನ್ನೊಂದು ಕಾಣಿಸುತ್ತವೆ. ಎಯುಆರ್‌ಪಿಯ ಒಂದು ಕಟ್ಟಳೆ ಇಲ್ಲಿ ದೊಡ್ಡ ಮಿತಿಯಾಗಿ ನಿಲ್ಲುತ್ತದೆ: ಸುರಂಗದ ಆಚೆಯಿಂದ ಕೇಳಿದ ದಾರಿಯನ್ನು ರೂಟರ್ ಅದೇ ಸುರಂಗದ ಇನ್ನೊಬ್ಬರಿಗೆ ಹೇಳುವುದಿಲ್ಲ. ಹಾಗಾಗಿ ಎಲ್ಲರೂ ಎಲ್ಲರೊಡನೆ ನೇರವಾಗಿ ಕೂಡಬೇಕು. ಹತ್ತು ಮನೆಗೆ 45 ಕೊಂಡಿ ಸಾಕು, ನಲವತ್ತು ಮನೆಗೆ 780 ಬೇಕು. ನಲವತ್ತೊಂದನೆಯವರು ಬಂದರೆ ಹಿಂದಿನ ನಲವತ್ತೂ ಮಂದಿ ತಮ್ಮ ತಮ್ಮ ಪಟ್ಟಿಗೆ ಅವರ ಐಪಿ ವಿಳಾಸ ಸೇರಿಸಬೇಕು. ಯಾರಾದರೊಬ್ಬರ ವಿಳಾಸ ರಾತ್ರೋರಾತ್ರಿ ಬದಲಾದರೆ ಮತ್ತೆ ಎಲ್ಲರೂ ತಿದ್ದಬೇಕು. ಇಲ್ಲಿ ಮೊದಲು ಸೋಲುವುದು ಪಟ್ಟಿ ತಿದ್ದುವ ಮನುಷ್ಯರ ತಾಳ್ಮೆ. ಒಂದು ಊರಿನಲ್ಲಿ ಐದು ಮಂದಿ ಇದ್ದರೆ ಐವರೂ ಬೇರೆ ಬೇರೆ ಸುರಂಗ ತೋಡುವ ಬದಲು, ಒಬ್ಬರ ಮನೆಯ ರೂಟರ್ ಹೊರಗಿನ ಸುರಂಗ ನೋಡಿಕೊಂಡು ಉಳಿದ ನಾಲ್ವರು ಅದರ ಹಿಂದೆ ನಿಲ್ಲುವುದು ಉತ್ತಮ. ಹಾಪ್ ಒಂದು ಹೆಚ್ಚುತ್ತದೆ, ಆದರೆ ಜಗತ್ತಿನ ಪಟ್ಟಿಯಲ್ಲಿ ಐದು ಸಾಲಿನ ಜಾಗದಲ್ಲಿ ಒಂದೇ ಸಾಲು.

ಡೆಕ್‌ನೆಟ್‌ನ ನಾಲ್ಕನೆಯ ಹಂತದಲ್ಲಿ ವಿಳಾಸಕ್ಕೆ ಒಟ್ಟು 16 ಬಿಟ್: ಆರು ಬಿಟ್ ಪ್ರದೇಶಕ್ಕೆ, ಹತ್ತು ಬಿಟ್ ಯಂತ್ರಕ್ಕೆ. ಪ್ರದೇಶ 63, ಪ್ರದೇಶಕ್ಕೆ 1023 ಯಂತ್ರ, ಇಡೀ ಜಗತ್ತಿಗೆ ಅಷ್ಟೆ. ಸ್ವೀಡನ್ನಿನ ಹವ್ಯಾಸಿಯೊಬ್ಬರು ಆರಂಭಿಸಿದ ‘ಹೆಕ್‌ನೆಟ್’ ಇಂದಿಗೂ ಈ 63 ಪ್ರದೇಶಗಳನ್ನು ಹಂಚಿಕೊಂಡೇ ನಡೆಯುತ್ತಿದೆ. ಡೆಕ್‌ನೆಟ್‌ನ ಒಂದು ವಿಚಿತ್ರ ಗುಣ ಕರ್ನಾಟಕದ ಹಳ್ಳಿಮನೆಯಲ್ಲೂ ತೊಂದರೆ ಕೊಡುತ್ತದೆ. ಅದು ಯಂತ್ರದ ಕಾರ್ಡಿನ ಹುಟ್ಟುವಿಳಾಸವನ್ನೇ ಬದಿಗಿಟ್ಟು ತನ್ನದನ್ನು ಬಳಸುತ್ತದೆ. ಎರಡನೆಯ ಪ್ರದೇಶದ ಐದನೆಯ ಯಂತ್ರವನ್ನು ತೆಗೆದುಕೊಂಡರೆ, ಎರಡನ್ನು 1024ರಿಂದ ಗುಣಿಸಿ ಐದು ಕೂಡಿದಾಗ 2053. ಅದನ್ನು ಹದಿನಾರರ ಲೆಕ್ಕದಲ್ಲಿ ಬರೆದು ಬೈಟುಗಳನ್ನು ಹಿಂದುಮುಂದು ಮಾಡಿದರೆ ಕಾರ್ಡಿನ ವಿಳಾಸ ಎಎ-00-04-00-05-08 ಆಗುತ್ತದೆ. ಇಂಥ ಯಂತ್ರವನ್ನು ವೈ-ಫೈ ಪೆಟ್ಟಿಗೆಯೊಂದರ ಹಿಂದೆ ಕೂಡಿಸಿದರೆ ಮಾತು ಹೊರಡುವುದಿಲ್ಲ. ಸಾಮಾನ್ಯ ವೈ-ಫೈ ಗ್ರಾಹಕ ಪೆಟ್ಟಿಗೆ ತನ್ನ ಸ್ವಂತ ವಿಳಾಸದ ಪ್ಯಾಕೆಟ್‌ಗಳನ್ನು ಮಾತ್ರ ಸಾಗಿಸಬಲ್ಲದು, ಹಿಂದಿರುವವರ ವಿಳಾಸವನ್ನು ಅದು ಹೊತ್ತೊಯ್ಯುವುದಿಲ್ಲ. ಮನೆಯಿಂದ ಮನೆಗೆ ವೈ-ಫೈ ಕೊಂಡಿ ಹಾಕುವವರು ಅದರ ಮೇಲೆ ಐಪಿ ಸುರಂಗ ಮಾಡಿಕೊಂಡು ಹಳೆ ಪ್ಯಾಕೆಟ್‌ಗಳನ್ನು ಅದರೊಳಗೆ ಕಳಿಸಬೇಕು.

ಸುರಂಗಕ್ಕೂ ಅದರದೇ ಮಿತಿ. ಈಥರ್ನೆಟ್ ಪ್ಯಾಕೆಟ್ಟಿನಲ್ಲಿ 1500 ಬೈಟ್ ಹಿಡಿಯುತ್ತದೆ. ಸುರಂಗದ ಹೊದಿಕೆ ಕಳೆದರೆ ಉಳಿಯುವುದು ಅದಕ್ಕಿಂತ ಕಡಿಮೆ. ದೊಡ್ಡ ಪ್ಯಾಕೆಟ್ಟನ್ನು ತುಂಡುಮಾಡಿ ಕಳಿಸುವ ಏರ್ಪಾಡು ಐಪಿಎಕ್ಸ್‌ಗೆ ಇಲ್ಲ, ಹಿಡಿಸದ್ದು ಸದ್ದಿಲ್ಲದೆ ಬಿದ್ದುಹೋಗುತ್ತದೆ. ಎರಡು ಮನೆಯ ತಂತಿಗಳನ್ನು ಸೇತುವೆ ಕಟ್ಟಿ ಒಂದೇ ಜಾಲಸಂಖ್ಯೆಯಡಿ ತಂದವರಿಗೆ ಈ ಕಾಟ ಹೆಚ್ಚು. ಲಾಗಿನ್ ಆಗುತ್ತದೆ, ಸಣ್ಣ ಕಡತ ಬರುತ್ತದೆ, ದೊಡ್ಡ ಕಡತ ತೆರೆದ ತಕ್ಷಣ ಪರದೆ ಮರಗಟ್ಟುತ್ತದೆ. ನಡುವೆ ರೂಟರ್ ಇದ್ದು ಎರಡು ಕಡೆಗೂ ಬೇರೆ ಬೇರೆ ಜಾಲಸಂಖ್ಯೆ ಇದ್ದರೆ, ಗ್ರಾಹಕ ಯಂತ್ರದ ನೆಟ್.ಸಿಎಫ್‌ಜಿ ಕಡತದಲ್ಲಿ ‘ಲಾರ್ಜ್ ಇಂಟರ್ನೆಟ್ ಪ್ಯಾಕೆಟ್ಸ್’ ಎಂಬುದನ್ನು ‘ಆಫ್’ ಮಾಡಿದರೆ ಸಾಕು. ಆಗ ಅದು 576 ಬೈಟಿಗೆ ಇಳಿಯುತ್ತದೆ. ವೇಗ ತಗ್ಗುತ್ತದೆ, ಕಡತ ಪೂರ್ತಿ ಬರುತ್ತದೆ. ಕನ್ನಡ ಕಡತಗಳನ್ನು ಉಳಿಸಿಕೊಳ್ಳಲು ಹೊರಟವರಿಗೆ ಬೇಕಾದದ್ದು ಇದೇ.

ಹೊರಗಿನ ಇಂಟರ್ನೆಟ್ಟಿಗೆ ಬಂದರೆ ಹಳ್ಳಿ, ಸಣ್ಣ ಪಟ್ಟಣಗಳ ಹವ್ಯಾಸಿಗಳಿಗೆ ಎದುರಾಗುವ ಅಡ್ಡಗೋಡೆ ತೀರ ಹೊಸದು. ಮೊಬೈಲ್ ಸಂಪರ್ಕದಲ್ಲಿ, ಎಷ್ಟೋ ಫೈಬರ್ ಸಂಪರ್ಕಗಳಲ್ಲೂ, ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು ಕಂಪನಿ ಅನೇಕ ಗ್ರಾಹಕರಿಗೆ ಹಂಚಿರುತ್ತದೆ. ಮನೆಯ ರೂಟರಿಗೆ ಹೊರಗಿನಿಂದ ಯಾರೂ ನೇರವಾಗಿ ಬಂದು ಬಾಗಿಲು ತಟ್ಟಲಾಗದು. ಇದನ್ನು ತಿಳಿಯುವುದು ಸುಲಭ: ಮನೆಯ ರೂಟರಿನ ಪುಟದಲ್ಲಿ ಹೊರಗಿನ ವಿಳಾಸ 100.64ರಿಂದ 100.127ರವರೆಗಿನ ಸಾಲಿನಲ್ಲಿ ಇದ್ದರೆ ಅದು ಹಂಚಿದ ವಿಳಾಸ. ಎಯುಆರ್‌ಪಿಯಂಥ ಹಳೆ ಸುರಂಗ ಅಲ್ಲಿ ನಿಲ್ಲುವುದಿಲ್ಲ. ಪರಿಹಾರ ಮೂರು. ಕಂಪನಿಯಿಂದ ಸ್ಥಿರ ವಿಳಾಸ ಕೊಳ್ಳಬಹುದು. ಎರಡೂ ತುದಿಯಲ್ಲಿ ಐಪಿವಿ6 ಇದ್ದರೆ ಅದರ ಮೇಲೆ ಹೊಸ ಬಗೆಯ ಸುರಂಗ ಹಾಕಬಹುದು. ಇಲ್ಲದಿದ್ದರೆ ಎಲ್ಲಾದರೂ ಬಾಡಿಗೆಗೆ ಸಿಗುವ ಒಂದು ಸಣ್ಣ ಸರ್ವರ್ ಹಿಡಿದು, ಪ್ರತಿ ಮನೆಯಿಂದಲೂ ಅದಕ್ಕೆ ಒಳಗಿನಿಂದಲೇ ಕೊಂಡಿ ಹೊರಡಿಸಬಹುದು. ಮೂರನೆಯದೇ ಹವ್ಯಾಸಿ ಸಂಘಕ್ಕೆ ಹೊಂದುತ್ತದೆ, ಖರ್ಚು ಹಂಚಿಕೊಳ್ಳಬಹುದು. ವೈರ್‌ಗಾರ್ಡ್ ಹಾಕುವವರು ಒಂದನ್ನು ನೆನಪಿಡಬೇಕು: ಅದು ಐಪಿಯನ್ನು ಮಾತ್ರ ಸಾಗಿಸುತ್ತದೆ. ಐಪಿಎಕ್ಸ್, ಡೆಕ್‌ನೆಟ್ ಅದರೊಳಗೆ ಹೋಗಬೇಕಾದರೆ ನಡುವೆ ವಿಎಕ್ಸ್‌ಲ್ಯಾನ್‌ನಂಥ ಇನ್ನೊಂದು ಹೊದಿಕೆ ಬೇಕು. ಹಳೆ ಸರ್ವರ್‌ಗಳನ್ನು ಇಂಥ ಬೀಗದ ಸುರಂಗವಿಲ್ಲದೆ ಬಯಲಿನಲ್ಲಿ ಬಿಡುವುದಂತೂ ಖಂಡಿತ ಕೂಡದು. ಅವುಗಳ ಕಾಲದ ಕಾವಲು ಇಂದಿನ ದಾಳಿಗೆ ತಡೆಯದು.

ಮನೆಯಿಂದ ಮನೆಗೆ ತಾಮ್ರದ ತಂತಿ ಎಳೆಯುವ ಆಸೆಯನ್ನು ಮದ್ದೂರು ಸೀಮೆಯಲ್ಲಿ ಬಿಡುವುದೇ ಕ್ಷೇಮ. ಏಪ್ರಿಲ್–ಮೇ ತಿಂಗಳ ಗುಡುಗುಮಳೆಯಲ್ಲಿ ಎರಡು ಕಟ್ಟಡಗಳ ಭೂಸಂಪರ್ಕದ ನಡುವೆ ಏಳುವ ವೋಲ್ಟೇಜ್ ವ್ಯತ್ಯಾಸ ಕೋಆಕ್ಸಿಯಲ್ ತಂತಿಯ ಹೊರಕವಚದ ಮೂಲಕ ಹರಿದು ಎರಡೂ ಕಡೆಯ ಕಾರ್ಡುಗಳನ್ನು ಸುಟ್ಟುಬಿಡುತ್ತದೆ. ಕವಚವನ್ನು ಭೂಮಿಗೆ ಒಂದೇ ತುದಿಯಲ್ಲಿ ಕೂಡಿಸಬೇಕೆಂಬ ನಿಯಮ ಇರುವುದು ಕಟ್ಟಡದೊಳಗಿನ ಜಾಲಕ್ಕಾಗಿ. ಕಟ್ಟಡಗಳ ನಡುವೆ ಫೈಬರ್ ಅಥವಾ ನಿಸ್ತಂತು ಕೊಂಡಿಯೇ ಆಗಬೇಕು.

ನಿಸ್ತಂತು ಎಂದಾಗ ಆಂಟೆನಾ ಎಲ್ಲಿ ಎಂಬ ಪ್ರಶ್ನೆ ಬರುತ್ತದೆ, ಕೊಕ್ಕರೆ ಬೆಳ್ಳೂರಿನ ಮಟ್ಟಿಗೆ ಅದಕ್ಕೆ ಒಂದೇ ಉತ್ತರ: ಮನೆಯ ಮಾಳಿಗೆ. ಊರೊಳಗಿನ ಹುಣಸೆ, ಅತ್ತಿ, ಆಲದ ಮರಗಳು ಎತ್ತರವಾಗಿ ಕಣ್ಣಿಗೆ ಬೀಳುತ್ತವೆ ನಿಜ. ಆದರೆ ಅವು ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳ ಗೂಡುಮರಗಳು. ಚಳಿಗಾಲದಿಂದ ಮುಂಗಾರಿನ ತನಕ ಹಕ್ಕಿಗಳು ಅಲ್ಲಿ ಮರಿಮಾಡುತ್ತವೆ, ಊರವರು ಹುಣಸೆ ಫಸಲಿನ ಆಸೆಯನ್ನೂ ಬಿಟ್ಟು ಅವುಗಳನ್ನು ಕಾಯ್ದುಕೊಂಡು ಬಂದಿದ್ದಾರೆ, 2007ರಲ್ಲಿ ಈ ಊರು ಸಮುದಾಯ ಮೀಸಲು ಪ್ರದೇಶವಾಗಿದೆ. ಆ ಮರಗಳಿಗೆ ಆಂಟೆನಾ ಕಟ್ಟುವುದು, ದೃಷ್ಟಿಗೆ ಅಡ್ಡಬಂತೆಂದು ರೆಂಬೆ ಕಡಿಯುವುದು, ಗೂಡಿನ ಪಕ್ಕದಲ್ಲಿ ತಂತಿ ತೂಗುಹಾಕುವುದು ಸಲ್ಲದು. ರೆಂಬೆ ಅಡ್ಡಬಂದರೆ ಮತ್ತೊಂದು ಮಾಳಿಗೆಯಲ್ಲಿ ಇನ್ನೊಂದು ರೂಟರ್ ಇಟ್ಟು ಸುತ್ತಿಹೋಗಬೇಕು. ಒಂದು ಹಾಪ್ ಹೆಚ್ಚು ಖರ್ಚಾಗುತ್ತದೆ. ಹದಿನೈದರಲ್ಲಿ ಒಂದನ್ನು ಹೆಜ್ಜಾರ್ಲೆಗೆ ಬಿಟ್ಟುಕೊಡಲು ಅಡ್ಡಿಯಿಲ್ಲ.

ಹ್ಯಾಮ್ ರೇಡಿಯೊ ಪರವಾನಗಿ ಇರುವವರಿಗೆ ಪ್ಯಾಕೆಟ್ ರೇಡಿಯೊ ಇನ್ನೊಂದು ದಾರಿ. ಸೆಕೆಂಡಿಗೆ 1200 ಬಿಟ್ ಅದರ ವಾಡಿಕೆಯ ವೇಗ, ಎಎಕ್ಸ್.25 ಕ್ರಮದ ವಿಳಾಸದಲ್ಲಿ ನಡುವಿನ ಮರುಪ್ರಸಾರ ಕೇಂದ್ರಗಳಿಗೆ ಇರುವ ಜಾಗ ಎಂಟು. ಅಕ್ಷರ ಸಂದೇಶಕ್ಕೆ ಇದು ಸಾಕು. ಗುಪ್ತಲಿಪಿಯಲ್ಲಿ ಮಾತಾಡಲು ಹ್ಯಾಮ್ ನಿಯಮದಲ್ಲಿ ಅವಕಾಶವಿಲ್ಲ, ಬೀಗದ ಸುರಂಗಗಳನ್ನು ಅದರ ಮೇಲೆ ಹಾಯಿಸುವಂತಿಲ್ಲ.

ಸಂಖ್ಯೆಗಳ ಪಟ್ಟಿಯ ಮಹತ್ವ ಈ ದೇಶಕ್ಕೆ ಹೊಸ ಪಾಠವೇನಲ್ಲ. 1986ರಲ್ಲಿ ಶಿಕ್ಷಣ, ಸಂಶೋಧನಾ ಸಂಸ್ಥೆಗಳ ಜಾಲವಾದ ಎರ್ನೆಟ್ ಆರಂಭವಾದಾಗ ಅದರಲ್ಲಿದ್ದದ್ದು ಎಂಟು ಸಂಸ್ಥೆಗಳು: ಮುಂಬೈನ ಎನ್‌ಸಿಎಸ್‌ಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐದು ಐಐಟಿಗಳು, ದೆಹಲಿಯ ಎಲೆಕ್ಟ್ರಾನಿಕ್ಸ್ ಇಲಾಖೆ. ಮೊದಲಿಗೆ ಫೋನ್ ಮಾಡಿ ಅಂಚೆ ಬದಲಾಯಿಸಿಕೊಳ್ಳುವ ಯುಯುಸಿಪಿ ಕ್ರಮ. ಅದರಲ್ಲಿ ದಾರಿ ಹುಡುಕುವ ರೂಟರೇ ಇಲ್ಲ. ಪತ್ರ ಬರೆಯುವವರೇ ನಡುವಿನ ಯಂತ್ರಗಳ ಹೆಸರನ್ನು ಒಂದಾದ ಮೇಲೊಂದು ಉದ್ಗಾರ ಚಿಹ್ನೆ ಹಾಕಿ ಬರೆಯಬೇಕಿತ್ತು. ಯಾವ ಯಂತ್ರ ಯಾವುದಕ್ಕೆ ಫೋನ್ ಮಾಡುತ್ತದೆ ಎಂಬುದನ್ನು ಯಾರಾದರೂ ಬರೆದಿಟ್ಟಿದ್ದರೆ ಮಾತ್ರ ಪತ್ರ ಮುಟ್ಟುತ್ತಿತ್ತು. 1984ರಲ್ಲಿ ಅಮೆರಿಕದ ಟಾಮ್ ಜೆನ್ನಿಂಗ್ಸ್ ಶುರುಮಾಡಿದ ಫಿಡೋನೆಟ್, ಇಡೀ ಜಗತ್ತಿನ ಹವ್ಯಾಸಿಗಳ ಜಾಲವಾಗಿ ಬೆಳೆದದ್ದೂ ವಾರಕ್ಕೊಮ್ಮೆ ಹೊರಡುತ್ತಿದ್ದ ತನ್ನ ಪಟ್ಟಿಯ ಬಲದಿಂದ. ವಲಯ, ಜಾಲ, ಯಂತ್ರ ಎಂಬ ಮೂರು ಮೆಟ್ಟಿಲಿನ ವಿಳಾಸ. ಏಷ್ಯಾಕ್ಕೆ ಆಗ ಆರನೆಯ ವಲಯವಿತ್ತು. ಮೇಲಿನ ಮೆಟ್ಟಿಲಿನವರಿಗೆ ಕೆಳಗಿನ ಪ್ರತಿಯೊಬ್ಬರ ವಿವರ ಇಟ್ಟುಕೊಳ್ಳುವ ಹೊರೆಯಿಲ್ಲ, ಆಯಾ ಜಾಲದವರು ತಮ್ಮದನ್ನು ತಿದ್ದಿ ಮೇಲಕ್ಕೆ ಕಳಿಸುತ್ತಿದ್ದರು.

ಮಂಡ್ಯ ಜಿಲ್ಲೆಯ ಜಾಲಕ್ಕೂ ಇದೇ ರೀತಿ ಹೊಂದುತ್ತದೆ. ತಾಲ್ಲೂಕಿಗೆ ಒಂದು ಅಂಕಿ, ಅದರ ಕೆಳಗೆ ಊರಿಗೆ ಎರಡಂಕಿ, ಊರಿನೊಳಗೆ ತಂತಿಗೆ ಎರಡಂಕಿ ಎಂದು ಮಾಡಿದರೆ ಐಪಿಎಕ್ಸ್ ಸಂಖ್ಯೆ ನೋಡಿದೊಡನೆ ಅದು ಯಾವ ಊರಿನದೆಂದು ತಿಳಿಯುತ್ತದೆ. ಆಪಲ್‌ಟಾಕ್‌ನ ಜಾಲಸಂಖ್ಯೆ 16 ಬಿಟ್ಟಿನದಾದ್ದರಿಂದ ಅಲ್ಲಿ ತಾಲ್ಲೂಕಿಗೆ ನೂರರ ಒಂದು ಗುಂಪು ಕೊಡಬಹುದು. ಹೊರದೇಶದ ಜಾಲಕ್ಕೆ ಸೇರುವ ಇರಾದೆ ಇದ್ದರೆ ಅವರ ಪಟ್ಟಿ ನೋಡಿ ಖಾಲಿ ಇರುವ ಗುಂಪನ್ನೇ ಆರಿಸಬೇಕು. ಡೆಕ್‌ನೆಟ್‌ನಲ್ಲಿ ಇಡೀ ಜಿಲ್ಲೆಗೆ ಒಂದು ಪ್ರದೇಶ ಧಾರಾಳ. ಪಟ್ಟಿಯ ಪ್ರತಿ ಸಾಲಿನಲ್ಲೂ ಊರು, ಯಂತ್ರದ ಮಾದರಿ, ಜಾಲಸಂಖ್ಯೆ, ಫ್ರೇಮ್ ಬಗೆ, ಯಾವ ರೂಟರಿನ ಹಿಂದೆ, ಅಲ್ಲಿಗೆ ಎಷ್ಟು ಹಾಪ್, ಸರ್ವರಿನ ಪರವಾನಗಿ ಸಂಖ್ಯೆಯ ಕೊನೆಯ ನಾಲ್ಕಂಕಿ, ಸಾಲು ತಿದ್ದಿದ ದಿನಾಂಕ ಇರಬೇಕು. ಅದರಲ್ಲಿರುವ ಕನ್ನಡ ಕಡತಗಳು ಯಾವ ತಂತ್ರಾಂಶದವು, ಯೂನಿಕೋಡಿಗೆ ಬದಲಾಗಿವೆಯೇ ಎಂಬ ಇನ್ನೊಂದು ಕಲಮು ಸೇರಿಸಿದರೆ ಮುದ್ರಣಾಲಯಗಳವರಿಗೂ ಅದೇ ಪಟ್ಟಿ ಉಪಯೋಗಕ್ಕೆ ಬರುತ್ತದೆ. ಒಂದು ಪ್ರತಿ ಕಾಗದದ ಮೇಲಿರಬೇಕು; ಜಾಲ ಬಿದ್ದ ದಿನ ಜಾಲದೊಳಗಿನ ಪಟ್ಟಿ ಯಾರಿಗೂ ಸಿಗುವುದಿಲ್ಲ. ತಿದ್ದುವ ಹೊಣೆ ತಾಲ್ಲೂಕಿಗೊಬ್ಬರದು, ಅವರು ಬಿಟ್ಟರೆ ವಹಿಸಿಕೊಳ್ಳುವವರ ಹೆಸರೂ ಅದರ ಪಕ್ಕದಲ್ಲೇ ಇರಲಿ. ಹೊಸ ಯಂತ್ರಕ್ಕೆ ಮೊದಲು ಪಟ್ಟಿಯಲ್ಲಿ ಸಾಲು, ಆಮೇಲೆ ಟಿ-ಕನೆಕ್ಟರು.

ಇಂತಿ,
ಹಳೆ ಕಂಪ್ಯೂಟರ್ ಹವ್ಯಾಸಿಯೊಬ್ಬರು
ಕೊಕ್ಕರೆ ಬೆಳ್ಳೂರು